ಹತ್ತನೆಯ ಹಾಡು

ರೋನಾಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಐವತ್ತು ವರ್ಷ ಹಾಡಿ ಹೆಸರು ಮಾಡಿ, ಎಪ್ಪತ್ತೆರಡರ ವಯಸ್ಸಿನಲ್ಲಿ ಈಗಿನ ಹುಡುಗರ ಹತ್ತು ಹಾಡುಗಳನ್ನು ತನ್ನ ಗಂಟಲಿಗೆ ಒಗ್ಗಿಸಿಕೊಂಡು ಕೊನೆಯದೊಂದು ಆಲ್ಬಮ್ ಮಾಡಿದ್ದಳು. ಒಂಬತ್ತರ ಬಗ್ಗೆ ಯಾರದೂ ತಕರಾರಿಲ್ಲ. ಹತ್ತನೆಯದು ತಂಗಿ ಎಲ್ವಾಳ ಮಗ ಬರೆದದ್ದು. ಅವನು ಪಟಪಟನೆ ಒದರುತ್ತಿದ್ದುದನ್ನು ಇವಳು ನಿಧಾನಿಸಿ ಲಾಲಿಯಂತೆ ಹಾಡಿದ್ದಳು. "ದೊಡ್ಡಮ್ಮ, ನನ್ನ ಹಾಡಿಗೂ ವಯಸ್ಸಾಗೋ ಹಂಗೆ ಮಾಡ್ಬಿಟ್ಟೆ" ಎಂದು ಸ್ಟುಡಿಯೋದಲ್ಲೇ ನಕ್ಕಿದ್ದ. ಐದು ವಾರದ ಹಿಂದೆ ಹೆದ್ದಾರಿಯಲ್ಲಿ ಅವನ ಕಾರು ಮಗುಚಿತು.

ಅಂದಿನಿಂದ ಅವನ ಹೆಸರನ್ನು ಯಾರೂ ಎತ್ತುವುದಿಲ್ಲ; ಸತ್ತವರ ಹೆಸರು, ಮುಖ, ದನಿ ದುಃಖ ಆರುವವರೆಗೆ ಎದುರಿಗೆ ಬರಬಾರದು ಎಂಬುದು ಆಸ್ಟ್ರೇಲಿಯಾದ ಈ ಮೂಲನಿವಾಸಿಗಳ ಕಟ್ಟಳೆ. ಎತ್ತಲೇಬೇಕಾದರೆ ಕುಮಂಜಾಯಿ ಎನ್ನುತ್ತಾರೆ, ಹೊಸದಾಗಿ ತೀರಿಕೊಂಡವರಿಗೆಲ್ಲ ಅದೇ ಹೆಸರು. ಗೋಡೆಯ ಫೋಟೋಗಳು ಇಳಿದವು, ಆಲಿಸ್ ಸ್ಪ್ರಿಂಗ್ಸಿನ ರೇಡಿಯೋದಿಂದ ಅವನ ಹಾಡುಗಳು ಮಾಯವಾದವು. ಎಲ್ವಾ ಒಪ್ಪುವವರೆಗೆ ಅವು ಯಾರ ಕಿವಿಗೂ ಬೀಳುವಂತಿಲ್ಲ. ಅದಕ್ಕೆ ಒಂದು ವರ್ಷವಾಗಬಹುದು, ಐದಾಗಬಹುದು. ರೋನಾಳ ಕೆಟ್ಟ ಕಿಡ್ನಿಗಳಿಗೆ ಅಷ್ಟು ಪುರುಸೊತ್ತು ಇರಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್. ಐದೈದು ಗಂಟೆ ಕುರ್ಚಿಗೆ ಅಂಟಿಕೊಳ್ಳುವುದು ಅವಳಿಗೆ ಜೈಲು. ಏನಾದರೊಂದು ನೆಪ ತೆಗೆದು ತಪ್ಪಿಸಿಕೊಳ್ಳುತ್ತಿದ್ದಳು.

ಹತ್ತನೆಯ ಹಾಡಿಗೆ ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ಹೇಳಿ ಎಂದು ನಿರ್ಮಾಪಕ ಗಾರ್ತ್ ಫೋನು ಮಾಡಿದ. ಒಳ್ಳೆಯವನೇ ಪಾಪ, ಆದರೆ ಬಿಳಿಯರಿಗೆ ಶುಕ್ರವಾರವೆಂದರೆ ಮುಗಿಯಿತು. ರೋನಾ ಟ್ಯಾಕ್ಸಿ ಹಿಡಿದಳು.

ಮಗ ಮಲಗುತ್ತಿದ್ದ ಮನೆಯನ್ನು ಬಿಟ್ಟು ಎಲ್ವಾ ಬತ್ತಿದ ನದಿಯಾಚೆ ತಗಡಿನ ಚಪ್ಪರದಡಿ ಇದ್ದಳು, ಶೋಕದ ಗುರುತಾಗಿ ಕೂದಲು ಕತ್ತರಿಸಿಕೊಂಡಿದ್ದಳು. ಅಕ್ಕತಂಗಿಯರು ತಬ್ಬಿಕೊಂಡು ಅತ್ತರು. ಬಂದ ವಿಷಯ ಎತ್ತಲು ಮಾತ್ರ ರೋನಾಗೆ ಬಾಯಿ ಬರಲಿಲ್ಲ. ಎದ್ದಳು, ಕೂತಳು, ಬೂದಿ ಕೆದಕಿದಳು, ಬೇಡದಿದ್ದರೂ ಚಹಾಕ್ಕೆ ನೀರಿಟ್ಟಳು. ಸಕ್ಕರೆ ಕದಡುತ್ತ ತನಗೇ ಅರಿವಿಲ್ಲದೆ ಗುನುಗತೊಡಗಿದ್ದಳು. ನಾಲ್ಕು ತಿಂಗಳು ತಿದ್ದಿ ತೀಡಿದ ಅವನದೇ ರಾಗ.

ನಾಯಿಯ ತಲೆ ಸವರುತ್ತಿದ್ದ ಎಲ್ವಾಳ ಕೈ ನಿಂತುಹೋಯಿತು. ರೋನಾ ನಾಚಿಕೆಯಿಂದ ಬೆವತುಹೋದಳು. ಊರಿಗೆಲ್ಲ ಕಟ್ಟಳೆ ಹೇಳುವ ಹಿರಿಯಳು ತಾನು, ಹೆತ್ತವಳೆದುರೇ ಹೀಗೆ ಮಾಡಿಬಿಟ್ಟೆನಲ್ಲ ಎನಿಸಿತು.

"ಅದನ್ನೇ ಕೇಳಕ್ಕೆ ಬಂದ್ಯಾ?" ಎಂದಳು ಎಲ್ವಾ.

"ಹೂಂ. ತಪ್ಪಾಯ್ತು ಕಣೇ."

"ಈಗ ಆಗಲ್ಲ ಅಕ್ಕ. ನನ್ನ ಕೈಲಿ ತಡಕೊಳಕ್ಕಾಗಲ್ಲ. ನಾನಾಗೇ ಹೇಳ್ತೀನಿ, ಆಗ ಹಾಡು ಹೊರಗೆ ಬಿಡು."

"ಅಷ್ಟೊತ್ತಿಗೆ ನಾನೂ ಹೋಗಿರ್ತೀನಿ. ನನ್ನ ದನಿಗೂ ಬೀಗ ಹಾಕ್ತೀರಿ. ಆಮೇಲೆ?"

ಎಲ್ವಾ ತಲೆಯೆತ್ತಿ ದಿಟ್ಟಿಸಿದಳು. "ಇವತ್ತು ಡಯಾಲಿಸಿಸ್ ದಿನ ಅಲ್ವಾ? ಇಲ್ಲೇನ್ ಮಾಡ್ತಿದೀಯ?"

ರೋನಾ ಮತ್ತೆ ಬೂದಿ ಕೆದಕಲು ಬಗ್ಗಿದಳು.

"ನನ್ನ ಮಗನ ಹಾಡು ನಿನ್ನ ಹತ್ರ ಇದೆ. ಅದನ್ನ ಎತ್ಕೊಂಡು ಹೋಗಕ್ಕೆ ನಾನು ಬಿಡಲ್ಲ. ನಾನು ಹೂಂ ಅನ್ನೋವರೆಗೂ ನೀನು ಬದುಕಿರ್ಬೇಕು. ಏಳು, ಹೊರಡು."

ದಾರಿಯಲ್ಲಿ ರೋನಾ ಗಾರ್ತ್‌ಗೆ ಫೋನು ಮಾಡಿ ಒಂಬತ್ತೇ ಸಾಕೆಂದಳು; ಟ್ಯಾಕ್ಸಿಯನ್ನು ಮನೆಗಲ್ಲ, ಆಸ್ಪತ್ರೆಗೆ ತಿರುಗಿಸಿದಳು. ಕರೆಯದೇ ಬಂದ ರೋಗಿಯನ್ನು ಕಂಡು ನರ್ಸ್ ಕಣ್ಣರಳಿಸಿದಳು. ತಪ್ಪಿಸದೆ ಬಂದರೆ ಎಷ್ಟು ವರ್ಷ ಎಳೆಯಬಹುದು ಎಂದು ರೋನಾ ಕೇಳಿದಳು. ಐದು ಸಿಗಬಹುದು, ಹೆಚ್ಚೂ ಸಿಗಬಹುದು ಎಂದಳು ನರ್ಸ್.

"ಹಂಗಾದ್ರೆ ಚುಚ್ಚು" ಎಂದು ರೋನಾ ತೋಳು ಚಾಚಿದಳು. ಐದು ಗಂಟೆ ಕಾಲು ಕುಣಿಯುತ್ತಲೇ ಇತ್ತು. ರಾಗ ಮತ್ತೆ ಮತ್ತೆ ನಾಲಿಗೆಗೆ ಬಂತು. ಪ್ರತಿ ಸಲವೂ ತುಟಿ ಕಚ್ಚಿ ಒಳಗೇ ಇಟ್ಟುಕೊಂಡಳು.