ದೊರೆಸಾನಿಯ ಮೊದಲ ಹೆಜ್ಜೆ

ಚಿಕ್ಕಪ್ಪ ತೀರಿಕೊಂಡಾಗ ಮೊರಾಗ್‌ಗೆ ಸಿಕ್ಕಿದ್ದು ಬರೀ ಪಟ್ಟ. ಮನೆ ಯಾವತ್ತೋ ಮಾರಾಟವಾಗಿ ಹೋಟೆಲಾಗಿತ್ತು. ಆ ವಂಶದಲ್ಲಿ ಪಟ್ಟ ಹೆಣ್ಣಿಗೂ ಸಲ್ಲುತ್ತಿದ್ದುದರಿಂದ, ವಿಶ್ವವಿದ್ಯಾಲಯದಲ್ಲಿ ಮಂಜುಗಡ್ಡೆಯ ಬಗ್ಗೆ ಪಾಠ ಹೇಳಿಕೊಂಡಿದ್ದವಳು ಬೆಳಗಾಗುವಷ್ಟರಲ್ಲಿ ಕಿನ್‌ಲಾರಿಗ್‌ನ ದೊರೆಸಾನಿಯಾದಳು. "ಡಾಕ್ಟರ್ ಅಂದ್ರೆ ಸಾಕು, ಅದು ನಾನೇ ಓದಿ ಗಳಿಸಿದ್ದು," ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದಳು. ಸ್ಕಾಟ್ಲೆಂಡಿನ ಬೆಟ್ಟಗಳ ನಡುವಿನ ಆ ಊರಿನವರು ತಲೆಯಾಡಿಸಿ, "ಆಗ್ಲಿ ದೊರೆಸಾನಮ್ಮ" ಎನ್ನುತ್ತಿದ್ದರು.

ಪಟ್ಟದ ಜೊತೆ ಒಂದು ಕೆಲಸವೂ ಅಂಟಿಕೊಂಡು ಬಂದಿತ್ತು. ಚಳಿಗೆ ಸರೋವರ ಹೆಪ್ಪುಗಟ್ಟಿದರೆ ಅದರ ಮೇಲೆ ಭಾರದ ಗುಂಡುಗಲ್ಲು ಜಾರಿಸುವ ಕರ್ಲಿಂಗ್ ಆಟಕ್ಕೆ ಊರಿಗೆ ಊರೇ ನೆರೆಯುತ್ತದೆ. ಆದರೆ ಮೊದಲ ಹೆಜ್ಜೆ ದೊರೆಯದು. ದೊರೆ ನಡುವಿನವರೆಗೆ ನಡೆದು ನಿಂತ ಮೇಲೆ ಮಿಕ್ಕವರು ನುಗ್ಗಬಹುದು. ಮೊರಾಗ್‌ಳ ಚಿಕ್ಕಪ್ಪ ಒಂದು ಗುಟುಕು ವಿಸ್ಕಿ ಇಳಿಸಿ ಹಾಗೇ ನಡೆದುಬಿಡುತ್ತಿದ್ದ. ಅವನು ಮುಳುಗದೆ ಉಳಿದದ್ದು ಅದೃಷ್ಟದಿಂದ, ಬುದ್ಧಿಯಿಂದಲ್ಲ.

ಎಷ್ಟೋ ವರ್ಷಗಳ ಮೇಲೆ ಈ ಸಲ ಸರೋವರ ಹೆಪ್ಪುಗಟ್ಟಿತು. ಜನ ಕಲ್ಲು, ಅದರ ಹಾದಿ ಗುಡಿಸುವ ಪೊರಕೆ, ಬಿಸಿ ಸೂಪಿನ ಹಂಡೆ ಹೊತ್ತು ದಡಕ್ಕೆ ಬಂದರು. ಮೊರಾಗ್ ಬಂದದ್ದು ಉದ್ದನೆಯ ಬೈರಿಗೆ ಹಿಡಿದು. ದಡದಿಂದ ಸ್ವಲ್ಪ ಒಳಗೆ ಹೋಗಿ ತೂತು ಕೊರೆದು ನೋಡಿದಳು.

"ನಾಲ್ಕು ಬೆರಳು ದಪ್ಪ ಇದೆ ಅಷ್ಟೇ. ಇಷ್ಟು ಜನಕ್ಕೆ ಒಂದು ಗೇಣಾದ್ರೂ ಬೇಕು. ಇವತ್ತು ಆಟ ಬೇಡ."

"ನಿಮ್ಮ ಚಿಕ್ಕಪ್ಪ ಯಾವತ್ತೂ ಬಡಗಿ ಸಾಮಾನು ತಂದೋರಲ್ಲ," ಎಂದ ಆಟದ ಸಂಘದ ಮುಖ್ಯಸ್ಥ, ಮುದುಕ ಡೂಗಲ್. ಜನ ಗೊಳ್ಳೆಂದರು. "ಡಾಕ್ಟ್ರಮ್ಮನಿಗೆ ಪುಸ್ತಕದ ಭಯ. ಬರ್ರೋ, ನಾನೇ ಹೋಗ್ತೀನಿ!"

ಡೂಗಲ್ ಒಂದು ಕಾಲು ಮಂಜುಗಡ್ಡೆಯ ಮೇಲಿಟ್ಟ. ಹಿಂದೆ ಹತ್ತಾರು ಜನ ಸಜ್ಜಾದರು.

"ನಿಲ್ಲಿ!" ಎಂದು ಕೂಗಿದಳು ಮೊರಾಗ್. "ಕಿನ್‌ಲಾರಿಗ್‌ನ ದೊರೆಸಾನಿ ಹೇಳ್ತಿದೀನಿ. ನಾನು ನಡುವಿಗೆ ಹೋಗಿ ನಿಲ್ಲೋವರೆಗೂ ಯಾರೂ ಕಾಲಿಡಕೂಡದು."

ಡೂಗಲ್ ಕಾಲನ್ನು ಹಿಂದಕ್ಕೆಳೆದುಕೊಂಡು ಟೋಪಿ ತೆಗೆದ. ಜನ ಸೂಪು ಕುಡಿದು ಮನೆಗೆ ಹೋದರು. ಜೀವಗಳು ಉಳಿದವು ಎಂದು ಮೊರಾಗ್‌ಗೆ ಸಮಾಧಾನ, ಆದರೆ ಮೈಯೆಲ್ಲ ಉರಿ. ಜೀವಮಾನವಿಡೀ ಓದಿ ಗಳಿಸಿದ ಮಾತು ಗಾಳಿಗೆ ಹೋಯಿತು, ಪುಕ್ಕಟೆ ಬಂದ ಪಟ್ಟಕ್ಕೆ ಊರೇ ತಲೆಬಾಗಿತು! ನಾಳೆ ಈ ಪಟ್ಟ ಕುಡುಕನಿಗೋ ಪೆದ್ದನಿಗೋ ಹೋದರೆ ಇವರು ಅವನ ಹಿಂದೆಯೂ ಹೀಗೇ ನಡೆದು ಸಾಯುತ್ತಾರಲ್ಲ ಎನಿಸಿ ಅವಳಿಗೆ ಭಯವಾಯಿತು.

ಮುಂದಿನ ವಾರ ಚಳಿ ಇನ್ನಷ್ಟು ಬಿಗಿಯಿತು. ಮೊರಾಗ್ ಬೆಳಿಗ್ಗೆಯೇ ಬಂದು ಅಲ್ಲಲ್ಲಿ ಕೊರೆದು ನೋಡಿದಳು. ಕೊರೆದ ಕಡೆಯೆಲ್ಲ ಗೇಣಿಗೆ ಕಡಿಮೆಯಿಲ್ಲ.

"ಆಡಬಹುದು," ಎಂದಳು ನೆರೆದ ಜನಕ್ಕೆ. ಎಲ್ಲರೂ ದಾರಿ ಬಿಟ್ಟು ನಿಂತರು. ಅವಳು ನಡೆಯಲಿಲ್ಲ. ಬೈರಿಗೆಯನ್ನು ಡೂಗಲ್‌ನ ಕೈಗಿಟ್ಟಳು.

"ತಗೊಳ್ಳಿ ಡೂಗಲಣ್ಣ. ನೀವೇ ಕೊರೆದು, ಅಳೆದು, ಜೋರಾಗಿ ಹೇಳಿ."

"ದೊರೆಸಾನಿ ಹೇಳಿದ್ಮೇಲೆ ನಮಗ್ಯಾಕಮ್ಮ ಅಳತೆ?"

"ದೊರೆಸಾನಿ ಅಪ್ಪಣೆ ಅದೇ. ಇನ್ಮೇಲೆ ನನ್ನ ಮಾತನ್ನೂ ಅಳೆದೇ ನಂಬಬೇಕು."

ಡೂಗಲ್ ಗೊಣಗುತ್ತಲೇ ಕೊರೆದ. ಬೋರಲು ಮಲಗಿ ತೂತಿನೊಳಗೆ ಕೈಯಿಳಿಸಿ, "ಗೇಣು!" ಎಂದು ಕೂಗಿದ. ಜನಕ್ಕೆ ಹುರುಪು ಬಂತು. ಅವನಿಗೂ ಕೆಲಸ ರುಚಿಸಿತೇನೋ, ಕೊರೆಯುತ್ತ ಕೊರೆಯುತ್ತ ಅವಳು ನೋಡದಿದ್ದ ಆಚೆಯ ಬಂಡೆಯ ಮಗ್ಗುಲಿಗೂ ಹೋದ. ಅಲ್ಲಿ ಮಲಗಿದವನು ಬಹಳ ಹೊತ್ತು ಏಳಲಿಲ್ಲ. ಎದ್ದಾಗ ಮುಖ ಬಿಳಚಿಕೊಂಡಿತ್ತು. ನಿಧಾನವಾಗಿ ಬಂದು ಅವಳೆದುರು ನಿಂತು, ಟೋಪಿ ತೆಗೆಯುವುದನ್ನೂ ಮರೆತು, ಪಿಸುದನಿಯಲ್ಲಿ ಹೇಳಿದ:

"ಅಲ್ಲಿ ಮೂರು ಬೆರಳೂ ಇಲ್ಲ. ಕೆಳಗೆ ಒರತೆ ಇರಬೇಕು. ನೀವು ಹೇಳಿದ್ದು ತಪ್ಪು, ಅಮ್ಮಾ."

ಮೊರಾಗ್ ಬಂಡೆಯ ಕಡೆಗೊಮ್ಮೆ, ನೆರೆದ ಜನರ ಕಡೆಗೊಮ್ಮೆ ನೋಡಿದಳು. ಆಮೇಲೆ ಅವಳಿಗೆ ತಡೆಯಲಾರದಷ್ಟು ಸಂತೋಷವಾಯಿತು.

"ಇನ್ನೊಂದ್ಸಲ ಹೇಳಿ ಡೂಗಲಣ್ಣ," ಎಂದಳು. "ಜೋರಾಗಿ. ಊರಿಗೆಲ್ಲ ಕೇಳಿಸ್ಲಿ."