ಮುಕುಂದರಾಯರು ಕಡಲಿಗೆ ಹೋದ ಐದು ದಿನ

ಮೂರು ದಿನದಲ್ಲಿ ಭಾನುಮತಿಯವರು ಆ ಫಲಕದ ಶೀರ್ಷಿಕೆಯನ್ನು ನಾಲ್ಕು ಸಲ ಹೊಡೆದುಹಾಕಿದ್ದರು. ನಾಲ್ಕು ಸಲವೂ ಗಿರಿಧರ್ ಅದನ್ನು ಮತ್ತೆ ಸೇರಿಸಿ ಕಳಿಸಿದ್ದ: ‘ಬ್ರಿಟಿಷರ ಕಣ್ಣಿಗೆ ಮಣ್ಣೆರಚಿದ ಕನ್ನಡಿಗ ಗೂಢಚಾರ’.

ಅದು 2015, ಸ್ವತಂತ್ರ ಸಿಂಗಪುರಕ್ಕೆ ಐವತ್ತು ತುಂಬಿದ ವರ್ಷ. ಅಲ್ಲಿನ ಕನ್ನಡಿಗರ ವಸ್ತುಪ್ರದರ್ಶನಕ್ಕೆ ಗಿರಿಧರ್ ಬರೆದ ಫಲಕಗಳು ಸೋಮವಾರ ಮುದ್ರಣಕ್ಕೆ ಹೋಗಬೇಕಿತ್ತು. ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ದುಡಿದಿದ್ದ ಭಾನುಮತಿ ಅವುಗಳನ್ನು ತಿದ್ದಿಕೊಡಲು ಒಪ್ಪಿದ್ದರು. ಭಾನುವಾರ ಬೆಳಿಗ್ಗೆ ತಾಳ್ಮೆ ತೀರಿ, ಪುಂಗೋಲ್ ಬಡಾವಣೆಯ ಗಿರಿಧರನ ಮನೆಗೇ ಹೋದರು.

ಗೂಢಚಾರ ಎಂದರೆ ಗಿರಿಧರನ ಮುತ್ತಜ್ಜ ಮುಕುಂದರಾಯರು. ಸಿಂಗಪುರದ ಚಾಂಗಿಯಲ್ಲಿ ಬ್ರಿಟಿಷರ ಕರಾವಳಿ ಫಿರಂಗಿಗಳ ಕಾಮಗಾರಿಗೆ ಗುಮಾಸ್ತರಾಗಿದ್ದವರು. ಜಪಾನಿಗೆ ಮಾಹಿತಿ ಕೊಡುತ್ತಿದ್ದಾರೆಂಬ ಸಂಶಯದ ಮೇಲೆ 1938ರಲ್ಲಿ ಅವರನ್ನು ಕೆಲಸದಿಂದ ತೆಗೆದು ಮದ್ರಾಸಿನ ಹಡಗು ಹತ್ತಿಸಿದ್ದರು. ಆಗ ಅವರ ಮಗಳು ಜಲಜಾಗೆ ಏಳು ವರ್ಷ. ಈಗ ಎಂಬತ್ತನಾಲ್ಕು, ಮೊಮ್ಮಗ ಗಿರಿಧರನ ಸೋಫಾದಲ್ಲಿ ಕೂತು ಇಬ್ಬರ ಜಗಳ ಕೇಳುತ್ತಿದ್ದರು.

“ಪೊಲೀಸ್ ಫೈಲಲ್ಲೇ ಇದೆ ಆಂಟಿ,” ಗಿರಿಧರ್ ಪ್ರತಿಯನ್ನು ಮುಂದಿಟ್ಟ. “ಐದು ಡೇಟ್ಸ್. ಐದು ದಿನಾನೂ ಗನ್ಸ್ ಹತ್ರ ಬೀಚಿಗೆ ಹೋಗಿ, ನೀರಲ್ಲಿ ನಿಂತು, ಸೌತ್ ಕಡೆ ತಿರುಗಿ ಕೈಯಲ್ಲಿ ಸಿಗ್ನಲ್ ಮಾಡಿದಾರೆ. ಎಷ್ಟು ಕೂಲ್ ಅಲ್ವಾ?”

“ನಮ್ಮಪ್ಪ ಅಂಥೋರಲ್ಲ ಕಣೋ,” ಎಂದರು ಜಲಜಾ. “ಅಷ್ಟು ಹಾಕಿಸು ಸಾಕು.”

“ಅಜ್ಜೀ, ಸ್ಪೈ ಅಂದ್ರೆ ಈಗ ಹೀರೋ!”

“ಆ ಹೀರೋಗೆ ಊರಲ್ಲಿ ಸಾಯೋವರೆಗೂ ಒಬ್ರೂ ಕೆಲಸ ಕೊಡ್ಲಿಲ್ಲ.”

ಭಾನುಮತಿ 1937-38ರ ಪಂಚಾಂಗದ ಪುಟಗಳನ್ನು ತೆಗೆದರು. “ಅಕ್ಟೋಬರ್ 4, ನವೆಂಬರ್ 3, ಡಿಸೆಂಬರ್ 2, ಜನವರಿ 1. ನಾಲ್ಕೂ ಅಮಾವಾಸ್ಯೆ. ತರ್ಪಣ ಬಿಡೋದು ದಕ್ಷಿಣಕ್ಕೆ ತಿರುಗಿಯೇ ಕಣಪ್ಪ.”

“ಐದನೇದು? ಜನವರಿ ಹದಿನಾಲ್ಕು. ಅಮಾವಾಸ್ಯೆ ಅಲ್ಲ, ನಾನೂ ಚೆಕ್ ಮಾಡಿದೀನಿ. ಕೇಸ್ ಕ್ಲೋಸ್!”

ಭಾನುಮತಿ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

ಜಲಜಾ ಮೊಮ್ಮಗನನ್ನು ಕೇಳಿದರು, “ವರ್ಷಾ ವರ್ಷ ಜನವರಿ ಹದಿನಾಲ್ಕಕ್ಕೆ ಬಿಲ್ಡಿಂಗ್ ಕೆಳಗೆ ಖಾಲಿ ಬಿಟ್ಟಿರೋ ವಾಯ್ಡ್ ಡೆಕ್ಕಲ್ಲಿ ನಿಂತು ಏನೋ ಹಂಚ್ತೀಯಲ್ಲ, ಏನದು?”

“ಎಳ್ಳು ಬೆ...” ಗಿರಿಧರ್ ಅಲ್ಲಿಗೇ ನಿಲ್ಲಿಸಿದ.

“ಸಂಕ್ರಮಣಕ್ಕೂ ತರ್ಪಣ ಬಿಡ್ತಾರೆ, ಪೆದ್ದ.” ಜಲಜಾ ಭಾನುಮತಿಯ ಕಡೆ ತಿರುಗಿದರು. “ಈಗ ಬರೀರಿ. ಮುಕುಂದರಾಯರು ಗೂಢಚಾರರಲ್ಲ.”

“ಅದನ್ನೂ ಬರೆಯೋಕಾಗಲ್ಲಮ್ಮ.”

“ಯಾಕೆ?”

“ತಾರೀಖು ಹೊಂದುತ್ತೆ, ಅಷ್ಟೇ. ಅಲ್ಲಿಗೆ ಯಾಕೆ ಹೋಗಿದ್ರು ಅಂತ ಅವರ ಹೇಳಿಕೆ ಫೈಲಲ್ಲಿಲ್ಲ. ಅವರನ್ನ ಯಾರೂ ಕೇಳಿದ ಹಾಗೆ ಕಾಣಲ್ಲ. ಕಂಡವರೂ ಇಲ್ಲ.”

“ಇಲ್ದೆ ಏನು? ಎಳ್ಳಿನ ಡಬ್ಬಿ ಹಿಡ್ಕೊಂಡು ದಡದಲ್ಲಿ ನಿಂತಿರ್ತಿದ್ದೋಳು ನಾನೇ.”

ಭಾನುಮತಿ ಪೆನ್ನು ಕೆಳಗಿಟ್ಟರು. ಮೂರು ದಿನ, ಪಂಚಾಂಗಕ್ಕಾಗಿ ಎರಡು ಗ್ರಂಥಾಲಯ, ಹನ್ನೊಂದು ಇಮೇಲ್. “ಇದನ್ನ ಮೊದಲೇ ಹೇಳಬಾರದಿತ್ತೇನಮ್ಮ!”

“ಕೇಳ್ದೋರು ಯಾರು? ನೀವು ಫೈಲ್ ಓದ್ತಿದ್ರಿ.”

ಭಾನುಮತಿ ಹೊಸ ಹಾಳೆ ತೆಗೆದರು. “ಎಷ್ಟು ಸಲ ಹೋಗಿದ್ರಿ? ನೆನಪಿರೋದಷ್ಟೇ ಹೇಳಿ.”

“ಎರಡು.”

“ಐದರಲ್ಲಿ ಎರಡು. ಹಾಗೇ ಬರೀತೀನಿ, ಒಂದೂ ಜಾಸ್ತಿ ಹಾಕಲ್ಲ.”

“ಹಾಕ್ಬೇಡಿ. ಎರಡು ನಿಜ.”

ಗಿರಿಧರ್ ಲ್ಯಾಪ್‌ಟಾಪ್ ತೆರೆದು ಶೀರ್ಷಿಕೆಯನ್ನು ತಾನೇ ಅಳಿಸಿದ. “ಅದರ ಜಾಗದಲ್ಲಿ ಏನು ಹಾಕ್ಲಿ ಆಂಟಿ?”

ಭಾನುಮತಿಗೆ ಕೇಳಿಸಲಿಲ್ಲ. “ಡಬ್ಬಿ ಹಿತ್ತಾಳೇದಾ, ತಗಡಿಂದಾ?” ಎಂದು ಜಲಜಾರನ್ನು ವಿಚಾರಿಸುತ್ತಿದ್ದರು.