ಅತ್ತೆಯ ಗುಳಿಗೆ ಸೊಸೆಗಲ್ಲ

ಕಮಠಾಣದ ಮಂಜಿರಿ ತೊಗರಿ ಹಸನು ಮಾಡಲು ಕೂತರೆ ಕೂತಲ್ಲಿ ಕೂರುತ್ತಿರಲಿಲ್ಲ. ಕೆಳಗೆ ಕೆರೆತ, ಉರಿ, ಮೊಸರಿನಂತೆ ಬಿಳಿ ಹೋಗುವುದು. ಹೇಳಿಕೊಳ್ಳಲು ನಾಚಿಕೆ. ಕೊನೆಗೆ ಅತ್ತೆ ಪ್ರಮಿಲಾಬಾಯಿಯೇ ಕೇಳಿ ತಿಳಿದುಕೊಂಡರು.

ಪ್ರಮಿಲಾಬಾಯಿ ಎಂದರೆ ಅರ್ಧ ದವಾಖಾನೆ. ಯಾರಿಗೆ ಏನಾದರೂ ಅವರ ಬಳಿ ಒಂದು ಉಳಿದ ಗುಳಿಗೆ ಇದ್ದೇ ಇರುತ್ತದೆ.

"ನನಗೂ ಹೋದ ವರ್ಷ ಹಿಂಗೇ ಆಗಿತ್ತು. ಈ ಗುಳಿಗಿ ನುಂಗಿದೆ, ಆರಾಮಾತು. ಒಂದು ಉಳದದ, ತಗೋ," ಎಂದರು.

ಮಂಜಿರಿ ನೀರಿನ ತಂಬಿಗೆ ಎತ್ತುವಾಗ ಪಕ್ಕದ ಮನೆಯ ಫರ್ಹೀನ ಬಂದಳು. ಬೀದರಿನ ದವಾಖಾನೆಯಲ್ಲಿ ಆಕೆ ನರ್ಸ್.

"ಮೌಶಿ, ಯಾವ ಗುಳಿಗಿರಿ ಅದು?" ಎಂದು ಗುಳಿಗೆಯ ಖಾಲಿ ಪಟ್ಟಿ ಇಸಿದುಕೊಂಡು ನೋಡಿದಳು. "ಯೀಸ್ಟ್ ಸೋಂಕಿಂದು ಖರೆ. ಆದ್ರ ಎಲ್ಲಾ ಕೆರೆತ ಯೀಸ್ಟ್ ಇರಂಗಿಲ್ರಿ. ಡಾಕ್ಟರ್ ನೋಡದೆ ಹ್ಯಾಂಗ ಕೊಡ್ತೀರಿ? ಈಕಿ ಬ್ಯಾರೆ ಔಷಧ ತಗೋತಾಳೇನ್ರಿ? ಬಸುರಿ ಇದ್ದಾಳೇನ್ರಿ?"

"ಛೇ, ಏನೂ ಇಲ್ಲವಾ," ಎಂದರು ಪ್ರಮಿಲಾಬಾಯಿ.

ಮಂಜಿರಿ ತಲೆ ತಗ್ಗಿಸಿದಳು. ಅವಳಿಗೆ ಎರಡನೇ ತಿಂಗಳು. ಆದರೆ ಮೂರು ತುಂಬುವ ತನಕ ಸುದ್ದಿ ಹೊಸ್ತಿಲು ದಾಟಬಾರದು, ದೃಷ್ಟಿ ತಾಗುತ್ತದೆ ಎಂಬುದು ಆ ಮನೆಯ ರೂಢಿ. ದೃಷ್ಟಿ ಹಾಳಾಗಿ ಹೋಗಲಿ, ಗುಳಿಗೆ ಆಗಲೇ ಬಾಯಿಯ ಹತ್ತಿರ ಬಂದಿತ್ತು.

"ಇಲ್ಲಂದ್ರ ಛಲೋ ಆತು," ಎಂದಳು ಫರ್ಹೀನ. "ಬಸುರಿದ್ದಾಗ ಡಾಕ್ಟರ್ ಹೇಳದೆ ಇದನ್ನ ನುಂಗಬಾರದ್ರಿ. ಹೊಟ್ಟ್ಯಾಗಿನ ಕೂಸಿಗಿ ಧೋಕಾ, ಅಪಾಯ ಆಗಬಹುದು."

ಪ್ರಮಿಲಾಬಾಯಿ ಸೊಸೆಯ ಕೈಗೆ ಹೊಡೆದ ರಭಸಕ್ಕೆ ಗುಳಿಗೆ ಹಾರಿ ತೊಗರಿಯಲ್ಲಿ ಬಿತ್ತು.

"ಹೊಟ್ಟೀಲೆ ಅದಾಳವಾ, ಎರಡು ತಿಂಗಳು. ನಾನೇ ಸುಳ್ಳು ಹೇಳ್ದೆ. ನನ್ನ ಮೊಮ್ಮಗಂಗ ನಾನೇ ಏನು ಮಾಡ್ಲಿಕ್ಕೆ ಹೊಂಟಿದ್ದೆ," ಎಂದು ಅತ್ತೇಬಿಟ್ಟರು.

"ಅಳಬ್ಯಾಡ್ರಿ ಮೌಶಿ, ಆಕಿ ನುಂಗೇ ಇಲ್ಲ. ಮುಬಾರಕ್. ನಾಳಿ ದವಾಖಾನಿಗಿ ಕರಕೊಂಡು ಬರ್ರಿ. ಬಸುರಿಯರಿಗಿ ನಡಿಯೋ ಮುಲಾಮು ಅದಾವ."

"ಡಾಕ್ಟರ್ ಮುಂದ ಇದನ್ನೆಲ್ಲ ಹೇಳಲಿಕ್ಕ ನಾಚಿಕಿ ಬರಂಗಿಲ್ಲೇನ?" ಎಂದರು ಪ್ರಮಿಲಾಬಾಯಿ.

"ನಾಚಿಕಿ ಯಾಕ್ರಿ? ದಿನಾ ಎಷ್ಟು ಮಂದಿ ಇದಕ್ಕೇ ಬರ್ತಾರ. ಕೆರೆತ ನಿಂತ್ರೂ ಅವರು ಹೇಳಿದಷ್ಟು ದಿನ ಪೂರಾ ಹಚ್ಚಬೇಕು, ಅಷ್ಟೇ. ಅಂಗಡ್ಯಾಗ ಕೇಳಿ ಯಾವುದೋ ಟ್ಯೂಬ್ ತರಬ್ಯಾಡ್ರಿ."

ಆಮೇಲೆ ಮೂವರೂ ನಗುತ್ತ ತೊಗರಿಯಲ್ಲಿ ಗುಳಿಗೆ ಹುಡುಕಿದರು.

ಮರುದಿನ ಡಾಕ್ಟರಮ್ಮ ಮಂಜಿರಿಯನ್ನು ಕೂರಿಸಿ, "ಬಸುರಿ ಏನವ್ವಾ?" ಎಂದು ಕೇಳಿದ್ದೇ ತಡ, "ಹೌದ್ರಿ, ಎರಡು ತಿಂಗಳು," ಎಂದು ಪ್ರಮಿಲಾಬಾಯಿ ಹೇಳಿದ್ದು ಹೊರಗೆ ಪಾಳಿ ಕಾಯುತ್ತಿದ್ದವರಿಗೂ ಕೇಳಿಸಿತು. ಯಾರೋ ಬಾಗಿಲಲ್ಲೇ ನಿಂತು ಪೇಢೆ ಕೇಳಿದರು.

ಅಕ್ಕ ತಂಗಿಯರೇ, ನಿಮ್ಮ ಮನೆಯಲ್ಲೂ ಉಳಿದ ಗುಳಿಗೆ ಇದ್ದೀತು. ಪ್ರೀತಿಯಿಂದಲೂ ಇನ್ನೊಬ್ಬರಿಗೆ ಕೊಡಬೇಡಿ. ಕೆರೆತವಿದ್ದರೆ ಡಾಕ್ಟರರಿಗೆ ತೋರಿಸಿ. ಬಸುರಿ ಇದ್ದರೆ, ಎದೆಹಾಲು ಕೊಡುತ್ತಿದ್ದರೆ, ಶುಗರ್ ಅಥವಾ ಬೇರೆ ಕಾಯಿಲೆಗೆ ಔಷಧಿ ನುಂಗುತ್ತಿದ್ದರೆ ಮೊದಲು ಅದನ್ನು ಹೇಳಿ. ಊರಿಗೆಲ್ಲ ಮುಚ್ಚಿಡಿ, ಬೇಡ ಎನ್ನುವುದಿಲ್ಲ. ಔಷಧಿ ಕೊಡುವವರಿಗೆ ಮಾತ್ರ ಮುಚ್ಚಿಡಬೇಡಿ.